ಬಾನಿಯಿಲ್ಲದ ನೀಲಿ

ಬಲಗಣ್ಣಿನ ಪೊರೆ ತೆಗೆಸಿ ಒಂಬತ್ತು ದಿನ.
ಎಡಗಣ್ಣಿಗೆ ಸರದಿ ಇನ್ನೂ ಬಂದಿಲ್ಲ.
ಓಸಾಕಾದ ಆಸ್ಪತ್ರೆಯಿಂದ ನೇರ ನನ್ನ ಪ್ರಯೋಗಾಲಯಕ್ಕೆ ಬಂದ ಅಪ್ಪ
ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ.
"ಎಲ್ಲಿ, ತೋರಿಸು ನತ್ಸುಹೊ,
ಬಾನಿಯಿಲ್ಲದೆ ಬಣ್ಣ ಕಟ್ಟುತ್ತೀಯಂತಲ್ಲ."

ತೊಕುಶಿಮಾದಲ್ಲಿ ಅರವತ್ತು ವರ್ಷ
ನೀಲಿಯ ಬಾನಿಗೆ ಬೂದಿನೀರು, ತೌಡು ಉಣಿಸಿದವ.
ಕೂಸಿನ ಜ್ವರ ನೋಡುವಂತೆ ನಡುರಾತ್ರಿ ಎದ್ದು ಮುಟ್ಟಿ,
ನಾಲಗೆ ತುದಿಗೊಂದು ಹನಿ ಇಟ್ಟು
"ಹದ ಬಂತು" ಅನ್ನುವವ.
ಹತ್ತೂ ಉಗುರು ನೀಲಿ.
ಮದುವೆಯ ಫೋಟೊದಲ್ಲಿ ಅಮ್ಮ ಆ ಕೈಯನ್ನು
ತನ್ನ ಅಗಲ ತೋಳಿನೊಳಗೆ ಅಡಗಿಸಿದ್ದಾಳೆ.

ನಾನು ತೋರಿಸಿದ್ದು ಒಂದು ಸೀಸೆ.
ಹಳೆ ಮೊಳೆ ನೆನೆಹಾಕಿದ ನೀರಿನಂಥದು.
"ತುಕ್ಕು," ಅಂದ.
ತಪ್ಪೇನಲ್ಲ. ತುಕ್ಕಿನ ದಾಯಾದಿಯೇ;
ಒಂದೊಂದು ಕಣಕ್ಕೂ ಗಾಜಿನ ಅಂಗಿ ತೊಡಿಸಿದ್ದೇನೆ, ಅಷ್ಟೆ.

ಸೂಜಿಗಲ್ಲು ತಂದೆ.
ಗೇಣು ದೂರದಲ್ಲಿ ಏನಿಲ್ಲ.
ನಾಲ್ಕು ಬೆರಳ ದೂರಕ್ಕೆ ಕೆಂಪು ಎದ್ದಿತು,
ಮಲಗಿದ್ದವರು ಹೆಸರು ಕೇಳಿ ಏಳುವ ಹಾಗೆ.
ಇನ್ನಷ್ಟು ಸರಿಸಿದರೆ ಹಳದಿ, ಅದರ ಬೆನ್ನಿಗೆ ಹಸಿರು.
ಸೀಸೆಗೆ ತಾಗಿಸಿದೆ:
ನೀಲಿ.

"ಇವಕ್ಕೆ ಒಂದನ್ನೊಂದು ಕಂಡರಾಗದು ಅಪ್ಪ.
ಆದರೂ ಸೂಜಿಗಲ್ಲು ಕರೆದರೆ ಸಾಲುಗಟ್ಟಿ ಹತ್ತಿರ ಬರಬೇಕು.
ಬಂದಷ್ಟು ಬಂದು, ಒಂದು ಅಂತರದಲ್ಲಿ ಹಟ ಹಿಡಿದು ನಿಲ್ಲುತ್ತವೆ.
ಬಣ್ಣ ಇರುವುದು ಆ ಅಂತರದಲ್ಲಿ."
ಇದನ್ನೇ ಅನುದಾನದ ಅರ್ಜಿಯಲ್ಲಿ
ಹದಿನಾಲ್ಕು ಪುಟ ಬರೆದಿದ್ದೆ.

"ಒಗೆದರೆ ಹೋಗುತ್ತದೋ?"
ಒಗೆಯುವುದೆಲ್ಲಿ ಬಂತು. ಕೈ ಹಿಂದೆಳೆದೆ.
ಮತ್ತೆ ಮೊಳೆಯ ನೀರು.

ಅಪ್ಪ ನಗಲಿಲ್ಲ.
"ನಮ್ಮ ಬಾನಿಯಲ್ಲೂ ನೀಲಿ ಇರುವುದಿಲ್ಲ.
ಮೇಲೆತ್ತಿದ ಬಟ್ಟೆ ಎಳೆಹಸಿರು.
ಗಾಳಿಯಲ್ಲಿ ಒಂದು ಉಸಿರು ಎಳೆದುಕೊಂಡ ಮೇಲೆ ನೀಲಿ.
ಆಮೇಲೆ ಹೋಗುವುದಿಲ್ಲ."
ಆ ಕೊನೆಯ ಮಾತನ್ನು ಮೆತ್ತಗೇ ಹೇಳಿದ.

"ಇನ್ನೊಮ್ಮೆ ಮಾಡು."
ಮಾಡಿದೆ.
ಎಡಗಣ್ಣು ಮುಚ್ಚಿ ನೋಡಿದ. ಬಲಗಣ್ಣು ಮುಚ್ಚಿ ನೋಡಿದ.
ಮತ್ತೆ ಎಡ. ಮತ್ತೆ ಬಲ.
ನಾನು ಸೂಜಿಗಲ್ಲನ್ನು ಅಲುಗಿಸದೆ ಹಿಡಿದೇ ಇದ್ದೆ.
"ಹೊಸ ಕಣ್ಣಿಗೆ ಇದು ನಿನ್ನಮ್ಮನ ಕೊಡೆಯ ನೀಲಿ.
ಹಳೆ ಕಣ್ಣಿಗೆ, ಚಹದಲ್ಲಿ ಅದ್ದಿ ತೆಗೆದದ್ದು."
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಹಾಗಾದರೆ ಎಂಟು ಹತ್ತು ವರ್ಷದಿಂದ
ಪ್ರತಿ ಬಟ್ಟೆಗೂ ಒಂದು ಮುಳುಗು ಹೆಚ್ಚಿಗೆ ಹಾಕಿದ್ದೇನೆ.
ಒಬ್ಬ ಗಿರಾಕಿಯೂ ಹೇಳಲಿಲ್ಲ ನೋಡು."

ಸೂಜಿಗಲ್ಲು ಇಸಿದುಕೊಂಡು
ತನ್ನ ಹೆಬ್ಬೆರಳ ಉಗುರಿನ ಮೇಲೆ
ತಂದ, ಒಯ್ದ, ತಂದ.
"ಇದು ಯಾರ ಮಾತೂ ಕೇಳುವುದಿಲ್ಲ,"
ಆಗ ನಕ್ಕ.

ಐದೂವರೆಯ ಬಸ್ಸು. ಸೇತುವೆ ದಾಟುವಷ್ಟರಲ್ಲಿ ಕತ್ತಲು.
ಹೊರಡುವಾಗ ಸೂಜಿಗಲ್ಲನ್ನು
ಮರೆತವನಂತೆ ಕೋಟಿನ ಜೇಬಿಗೆ ಇಳಿಬಿಟ್ಟ.
ನಾನು ಸೀಸೆಯ ಬಿರಡೆ ಬಿಗಿಯುತ್ತಿದ್ದೆ,
ನೋಡದವಳಂತೆ.