ಆರಿಸುವುದು

ಇವತ್ತಿಗೆ ನಲವತ್ತೊಂದು ದಿನ.
ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ
ಪೆನ್ಸಿಲ್ಲಿನ ಒಂದು ಚುಕ್ಕೆ: ಅಂದು ಇದನ್ನು ಹಚ್ಚಿದ್ದು.
ಆಮೇಲೆ ಆರಿಸಿಲ್ಲ.

ಹೊಲಿಗೆ ಮಿಷನ್ನು ಮಾರಿದ ಜಾಗದಲ್ಲಿ
ಗುಂಯ್‌ಗುಡುತ್ತ ಕೂತಿದೆ ಕಂಪ್ಯೂಟರು,
ಅದರ ಡಬ್ಬಿಯ ಮೇಲೆ ಬೆಕ್ಕು,
ತನ್ನದೂ ಒಂದು ಫ್ಯಾನು ತಿರುಗಿಸಿಕೊಂಡು.

ಈಗೀಗ ನಿಧಾನ. ಕ ಒತ್ತಿ
ಅದಕ್ಕೆ ಕೊಂಬು ಕೊಡುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತದೆ.
ಸಹಕಾರ ಸಂಘದ ವಾರ್ಷಿಕ ವರದಿ,
ಏಳನೇ ತರಗತಿಯ ಪ್ರಶ್ನೆಪತ್ರಿಕೆ,
ಯಾರದೋ ಪೌತಿ ಖಾತೆಯ ಅರ್ಜಿ,
ಹದಿನೇಳು ಕಿಟಕಿ ತೆರೆದಿವೆ.
ಒಂದರಿಂದಲೂ ಗಾಳಿ ಬರುವುದಿಲ್ಲ.

ಚನ್ನಗಿರಿ ರಸ್ತೆಯ ಇಮ್ತಿಯಾಜನದು ಎಲ್ಲ ಕಾಯಿಲೆಗೂ ಒಂದೇ ಮದ್ದು:
"ಅಕ್ಕಾ, ಒಂದ್ಸಲ ಆಫ್ ಮಾಡಿ ಆನ್ ಮಾಡಿ."
ನಮ್ಮನೆಯವರು ಮೀಟರಿನ ಮೇಲೆ ಕಣ್ಣಿಟ್ಟು
ದಿನಾ ರಾತ್ರಿ ಅದನ್ನೇ ಅನ್ನುತ್ತಾರೆ.
ನಾನು, ನಾಳೆ.

ಕಾರಣ ಆ ಹದಿನೇಳನೆಯದು. ಅದಕ್ಕೆ ಹೆಸರಿಲ್ಲ.
ಮುಚ್ಚಲು ಹೋದರೆ, ಉಳಿಸಬೇಕೇ? ಅನ್ನುತ್ತದೆ.
ಹೌದೆಂದರೆ, ಏನೆಂದು?
ಏನೆಂದು ಉಳಿಸಲಿ, ಅಕ್ಕನಿಗೆ ಬರೆದ ಪತ್ರವನ್ನು,
ಗೃಹಪ್ರವೇಶಕ್ಕೆ ಹಾಕಿಕೊಂಡು ಹೋಗಿ
ಆರು ವರ್ಷ ಅವಳ ಕೊರಳಲ್ಲೇ ಉಳಿದ ನನ್ನ ಎರಡೆಳೆ ಸರವನ್ನು?

ಮೊದಲ ದಿನ ಸಿಟ್ಟಿನಲ್ಲಿ ಪ್ರಿಂಟ್ ಒತ್ತಿದ್ದೆ.
ಪ್ರಿಂಟರು ಕೆಮ್ಮಿತು, ಕೆಂಪು ದೀಪ ಬಿಟ್ಟುಕೊಂಡು ಮುಷ್ಕರ ಕೂತಿತು.
ಆಮೇಲಿಂದ ಮುದ್ರಣವೆಲ್ಲ ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ,
ಪುಟಕ್ಕೆ ಎರಡು ರೂಪಾಯಿ.
ಪತ್ರ ಮಾತ್ರ ಒಳಗೇ ಇತ್ತು, ದಿನಕ್ಕೊಂದು ಸಾಲು ಮೆತ್ತಗಾಗುತ್ತ.
ಈಗ ಅದರಲ್ಲಿ ಸರದ ಮಾತು ಬರುವುದು ಮೂರನೇ ಪುಟದಲ್ಲಿ,
"ಅಂದಹಾಗೆ" ಆದ ಮೇಲೆ.

ಆಚೆಮನೆಯ ಆರೋಗ್ಯಸ್ವಾಮಿಯವರು
ಮೂವತ್ತೊಂದು ವರ್ಷ ಕಾರ್ಖಾನೆಯ ಕುಲುಮೆ ಕಾದವರು.
ಹುಬ್ಬಿನ ಕೂದಲು ಇನ್ನೂ ಸರಿಯಾಗಿ ಬಂದಿಲ್ಲ.
ಕಾಂಪೌಂಡಿನ ಮೇಲಿಂದ ಕೇಳಿದೆ: ಕುಲುಮೆ ಯಾವಾಗ ಆರಿಸ್ತಿದ್ರಿ?

"ಆರಿಸೋದಾ! ದೀಪಾವಳಿಗೂ ಇಲ್ಲ, ಕ್ರಿಸ್‌ಮಸ್ಸಿಗೂ ಇಲ್ಲ.
ತಣ್ಣಗಾದ್ರೆ ಒಳಗಿನ ಕಬ್ಬಿಣ ಅಲ್ಲೇ ಕಲ್ಲಾಗತ್ತಮ್ಮಾ,
ಒಡೆಯೋಕೆ ಮದ್ದಿಡಬೇಕು.
ಸ್ಟ್ರೈಕ್ ಹೊತ್ತಲ್ಲೂ ನಾವು ನಾಲ್ಕು ಜನ ಒಳಗಿದ್ವಿ,
ಗಾಳಿ ತಗ್ಗಿಸಿ, ಕೋಕು ತುಂಬಿ, ಕೂಸಿನ ಥರ ಮಲಗಿಸಿ."

ಗೆದ್ದೆನೆಂದು ತಿರುಗಿದೆ.
"ಆದ್ರೆ ಒಳಗಿನ ಇಟ್ಟಿಗೆ ಸವೆದಾಗ ನಿಲ್ಲಿಸಲೇಬೇಕು.
ಬಾಯಿ ತೆಗೆದು, ಇದ್ದದ್ದೆಲ್ಲ ಹೊರಕ್ಕೆ ಹರಿಸಿ,
ಕೊನೇ ತೊಟ್ಟೂ ಬಿದ್ದ ಮೇಲೆ.
ಕಡೇ ಸಲ ಆರಿಸಿದ್ದು ಮತ್ತೆ ಹತ್ತಲಿಲ್ಲ, ಅದು ಬೇರೆ ವಿಷಯ."
ನಲ್ಲಿ ಬಂತೆಂದು ಒಳಗೆ ಹೋದರು.

ರಾತ್ರಿ ಅಡುಗೆಮನೆ ಒರೆಸಿ ಕೂತೆ.
ಮೊರದಲ್ಲಿ ಕಲ್ಲು ಆರಿಸುವ ಹಾಗೆ
ಒಂದೊಂದೇ ಕಿಟಕಿ: ಇದು ಇರಲಿ, ಇದು ಬೇಡ.
ಕೊನೆಯದಕ್ಕೆ "ಸರ" ಎಂದು ಹೆಸರಿಟ್ಟೆ.
ಒತ್ತಿದೆ.

ಪರದೆ ಕಪ್ಪಾಯಿತು. ಅದರೊಳಗೆ ನನ್ನ ಮುಖ, ಚಷ್ಮಾ.
ಬೆಕ್ಕು ಧುಮುಕಿ ನನ್ನನ್ನೇ ದುರುಗುಟ್ಟಿತು.
ನಲವತ್ತೊಂದು ದಿನದಲ್ಲಿ ಮೊದಲ ಸಲ ಕೇಳಿಸಿತು
ಗಡಿಯಾರ, ಗೊರಕೆ, ಸೇತುವೆ ದಾಟುವ ಲಾರಿ,
ಈಗ ಕೂಗದ ಕಾರ್ಖಾನೆಯ ಸೈರನ್ನು ಕೂಡ.

ಹತ್ತದಿದ್ದರೆ?

ಹತ್ತಿತು. ಕ ಒತ್ತಿದರೆ ಕ.
ಆದರೆ ನಾನು ಕೇಳದೆಯೇ ಪ್ರಿಂಟರು ಕೆಮ್ಮಿತು,
ಹಸಿರಾಯಿತು, ಒಂದು ಹಾಳೆ ಹೊರಗೆ ಚಾಚಿತು.
ಮೊದಲ ದಿನದ ಪತ್ರ.
ಅಂದಹಾಗೆ ಇಲ್ಲ, ನೀನು ಕ್ಷೇಮವೇ ಇಲ್ಲ,
ನಾಲ್ಕೇ ಸಾಲು. ಕಾಗುಣಿತ ತಪ್ಪಿದೆ.
ಅಷ್ಟು ದಿನ ಎಲ್ಲಿ ಸರದಿ ಕಾಯುತ್ತಿತ್ತೋ.

ಒಳಗೆ ಮೂರು ಪುಟ, ಕೈಯಲ್ಲಿ ನಾಲ್ಕು ಸಾಲು.
ಅಕ್ಕನಿಗೆ ಯಾವುದೆಂದು ಈಗಲೇ ಯಾಕೆ ಹೇಳಲಿ.
ಕಾಗದ ಇನ್ನೂ ಬಿಸಿಯಿದೆ.
ಆರಲಿ.