ಬೀಗ ಹಾಕಿದ ಮನೆಯ ವ್ಯಾಪಾರ

ಒಂಬತ್ತೂವರೆಗೆ ನಾನು ಹೊರಡಬೇಕು.
ಎಂಟಕ್ಕೇ ಶುರು ಸುಬೇದಾರನ ಬಂದೋಬಸ್ತು.

ಹಳೇ ಪೇಪರಿನಲ್ಲಿ ಕಡಲೆಕಾಯಿ ಸುತ್ತಿ
ಪೊಟ್ಟಣದೊಳಗೊಂದು ಪೊಟ್ಟಣ, ಮೇಲೆ ಬಿಗಿ ಗಂಟು.
ಬಿಚ್ಚುತ್ತಾ ಕೂರಲಿ, ಹೊತ್ತು ಹೋಗಲಿ.
ಕಪಾತು ಮಾಡಿದ ಕಾಫಿಗಿಡದ ಕೊಂಬೆ,
ತೊಗಟೆ ಸಮೇತ, ಕಡಿಯಲು.
ತಂತಿಗೆ ಪೋಣಿಸಿದ ಜೋಳದ ತುಂಡು,
ಖಾಲಿ ದಾರದುಂಡೆ ಮೂರು,
ದನದ ಕೊರಳಿನದೊಂದು ಗಂಟೆ, ನಾಲಿಗೆ ಕಿತ್ತದ್ದು:
ಪಕ್ಕದ ಮನೆ ಬೋಜಮ್ಮನಿಗೆ ಮಧ್ಯಾಹ್ನ ನಿದ್ದೆ ಬೇಕಲ್ಲ.
ರೇಡಿಯೋ ಸಣ್ಣಗೆ.
ಬೀದಿ ಕಡೆಯ ಕಿಟಕಿ ಅರ್ಧ ತೆರೆದು, ಪರದೆ ಎಳೆದು.
ಕನ್ನಡಿ ಮಾತ್ರ ಇಡಬೇಡ ಎಂದಿದ್ದರು ಡಾಕ್ಟರು,
ಒಳಗಿರುವವನು ಇನ್ನೊಬ್ಬನೆಂದು
ನಂಬಿಬಿಡುತ್ತಾನೆ, ಪಾಪ.

ಡಾಕ್ಟರು ಅಂದರೆ ಪಳಂಗಪ್ಪನವರು.
ಮೈಸೂರಿನ ಮೂರನೇ ಮಹಡಿಗೆ ಹೋಗುವಾಗ
ಬೀರು ಮಾರಿದರು, ಕೋವಿ ತಮ್ಮನಿಗೆ ಕೊಟ್ಟರು,
ಇವನನ್ನು ನನ್ನ ಕೈಗಿಟ್ಟರು.
ಮೈಯೆಲ್ಲ ಒಲೆಯ ಬೂದಿ,
ಬಾಲ ಮಾತ್ರ ಹಣ್ಣಾದ ಕಾಫಿ.
“ಬೇಜಾರಾದರೆ ಎದೆಯ ಗರಿ ತಾನೇ ಕೀಳುತ್ತಾನೆ, ಲಲಿತಾಕ್ಷಿ.
ನೋಡಿಕೋ.”

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನನ್ನ ಕೆಲಸ.
ಅಣ್ಣತಮ್ಮಂದಿರು ಮುಖ ತಿರುಗಿಸಿ ಕೂತ ಬೆಂಚು,
ಜಮ್ಮಾ ಜಾಗದ ಮಾಸಿದ ನಕ್ಷೆ, ಹೆಬ್ಬೆಟ್ಟಿನ ಮಸಿ.
ಸಾಕ್ಷಿಗಳ ಹೆಸರು ಕೂಗುತ್ತೇನೆ, ಅಷ್ಟೇ ಇಡೀ ದಿನದ ಮಾತು.
ನಡುವೆ ನೆನಪು:
ಜೋಳ ಮುಗಿದಿರಬಹುದೆ?
ಎದೆಯ ಗರಿ...

ಸಂಜೆ ಬೀಗ ತೆಗೆದರೆ
ಪೊಟ್ಟಣ ಕಟ್ಟಿದ ಹಾಗೇ ಇದೆ.
ಕೊಂಬೆಗೆ ಕೊಕ್ಕು ತಾಗಿಲ್ಲ.
ಗರಿಯೂ ಬಿದ್ದಿಲ್ಲ ಒಂದೂ.
ಮೋರೆಯಲ್ಲಿ, ಸಂತೆ ಮುಗಿಸಿ ಬಂದವನ ದಣಿವು.

ಶನಿವಾರ, ವಿರಾಜಪೇಟೆ ಗಡಿಯಾರ ಕಂಬದ ಹತ್ತಿರ
ಮೀನಿನ ಹಂಸ ಸ್ಕೂಟರು ನಿಲ್ಲಿಸಿ ಕೇಳಿದ:
“ಅಕ್ಕಾ, ನಿಮ್ಮ ಮನೆಯ ಅಜ್ಜನಿಗೆ ಕಾಲು ಬರುವುದಿಲ್ಲವಾ?
ದಿನಾ ಒಳಗಿನಿಂದಲೇ ‘ಮತ್ತಿ ಎಷ್ಟು?’
ಇನ್ನೂರು ಅಂದರೆ ‘ಯಾಕೆ, ಕಡಲು ಬತ್ತಿತಾ?’
ನೂರೈವತ್ತಕ್ಕೆ ಇಳಿದೆ, ‘ತಾಜಾ ಇದೆಯಾ?’
ಬೆಳಗಿನ ಜಾವ ತಲಶ್ಶೇರಿಯಿಂದ
ಮಾಕುಟ್ಟದ ಘಾಟಿ ಹತ್ತಿ ಬಂದ ಮಾಲು ಅಂತ ಆಣೆ ಹಾಕಿದೆ.
ನಗುತ್ತಾರೆ!
ಮೂರು ತಿಂಗಳಾಯಿತು. ಬಾಗಿಲು ತೆರೆದಿಲ್ಲ,
ಒಂದು ಮೀನು ಕೊಂಡಿಲ್ಲ.”

ಅದು ಡಾಕ್ಟರ ಚೌಕಾಸಿ. ಹಿತ್ತಿಲ ಮೆಟ್ಟಿಲಲ್ಲಿ
ಇಪ್ಪತ್ತು ವರ್ಷ ನಡೆದದ್ದು.
ಹೇಳಲೆಂದೇ ಬಾಯಿ ತೆರೆದೆ.
ಎಷ್ಟು ಸುಳ್ಳು ಸಾಕ್ಷಿ ನೋಡಿದವಳು ನಾನು,
“ಹೌದು,” ಅಂದೆ, “ಮಂಡಿ ನೋವು.”

ಕೈಲ್ ಪೊಳ್ದಿಗೆ ಕಚೇರಿ ರಜೆ.
ಮುಂಬಾಗಿಲ ಬೀಗ ಹಾಗೇ ಬಿಟ್ಟು
ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ.
ಎರಡು ಸಲ ಹಾರನ್.
“ಮತ್ತಿ ಎಷ್ಟು?”
ಹಂಸ ದರ ಹೇಳಲಿಲ್ಲ ಇವತ್ತು.
“ಅಜ್ಜಾ, ಮಗಳಿಗೆ ಹೆರಿಗೆಯಾಯಿತು, ನಿನ್ನೆ ರಾತ್ರಿ.
ಹೆಣ್ಣು. ತೂಕ ಸ್ವಲ್ಪ ಕಮ್ಮಿ.”
ಸುಬೇದಾರ ಯೋಚಿಸಿದ. ಬಹಳ ಹೊತ್ತು.
“ತಾಜಾ ಇದೆಯಾ?”

ಹಂಸ ನಕ್ಕದ್ದು ನೋಡಬೇಕಿತ್ತು,
ನಾನು ಕೇಳಿದೆ ಮಾತ್ರ.
ಮೆಟ್ಟಿಲ ಮೇಲೆ ಕೂತೇಬಿಟ್ಟನೇನೋ, ತಕ್ಕಡಿ ಬಿದ್ದ ಸದ್ದು.
ಮೂಗೊರೆಸಿಕೊಂಡ.
“ತಾಜಾ, ಅಜ್ಜಾ. ಕಣ್ಣು ಕೂಡ ಬಿಟ್ಟಿಲ್ಲ.”

ಆಮೇಲೆ ಪರದೆಯ ಕೆಳಗಿನಿಂದ ಒಂದು ಕೈ,
ಮೀನಿನ ಪೊರೆ ಮಿನುಗುವ ಬೆರಳು,
ಪೇರಳೆ ಹಣ್ಣಿನ ಹೋಳು ನಾಲ್ಕು,
ಕೊಕ್ಕಿಗೆ ಒಗ್ಗುವ ಅಳತೆಗೆ ಹೆಚ್ಚಿದ್ದು,
ಎಲೆಯಲ್ಲಿಟ್ಟು, ಕಿಟಕಿಯ ದಂಡೆಗೆ ಸರಿಸಿತು.

ಹಾಗಾದರೆ ಎಂದಿನಿಂದ ಗೊತ್ತಿತ್ತು ಅವನಿಗೆ?

ಹಾಲು ಉಕ್ಕುತ್ತಿತ್ತು.
ಸೌಟು ಹಿಡಿದು ನಿಂತೇ ಇದ್ದೆ,
ಮನೆಯಲ್ಲಿ ಯಾರೂ ಇಲ್ಲದವರ ಹಾಗೆ.