ನಡಾವಳಿ

ಯೂನಿಯನ್ನಿನಿಂದ ಬಂದ ಸುತ್ತೋಲೆಯಲ್ಲಿ
ಹೊಸ ಪದವೊಂದಿತ್ತು: ಲಿಂಗತ್ವ ಅಲ್ಪಸಂಖ್ಯಾತರು.
ಹೊಂಬಾಳಮ್ಮ ಎರಡು ಸಲ ಓದಿಸಿದರು,
ಮೂರನೆಯ ಸಲಕ್ಕೆ ಕೈ ಎತ್ತಿದರು:
'ಸಾಕು ಬುಡು, ಬಾಯಿಗೆ ಉಮಿ ತುಂಬ್ಕಂಡಂಗಾಯ್ತದೆ.'

ಡೇರಿ ಮುಂದೆ ಕ್ಯಾನುಗಳ ಸಾಲು.
ಕೊನೆಯಲ್ಲಿ ಬೋರಲಿಂಗಣ್ಣನ ಎರಡನೆಯದು,
ಹೋದ ಯುಗಾದಿವರೆಗೆ ಮಾದೇಶ,
ಈಗ ಮಾದೇವಿ.
ಕೈಯಲ್ಲಿ ಆರು ಲೀಟರು ಎಮ್ಮೆ ಹಾಲು,
ಷೇರಿನ ನೂರು ರೂಪಾಯಿ, ಹೊಸ ಆಧಾರಿನ ಜೆರಾಕ್ಸು.

ನಮ್ಮದು ಮಹಿಳಾ ಸಂಘ.
ಆ ಮೂರಕ್ಷರ ಬೋರ್ಡಿಗೆ ಹತ್ತಲಿ ಅಂತ
ಹೊಂಬಾಳಮ್ಮ ಗೆಜ್ಜಲಗೆರೆಗೆ ಹನ್ನೊಂದು ಸಲ ಬಸ್ಸು ಹತ್ತಿದ್ದರು.
ಊರ ಗಂಡಸರು ಬಣ್ಣದ ಡಬ್ಬಿಯನ್ನೇ ನಾಲೆಗೆ ಎಸೆದಿದ್ದರು.
ಬಟವಾಡೆ ಸೀದಾ ಸೆರಗಿನ ಗಂಟಿಗೆ ಬಿದ್ದ ವಾರ
ಮೂರು ಮನೆಯಲ್ಲಿ ಒಲೆ ಒಡೆದಿತ್ತು.

'ಕಿತ್ಕಂಡ್ ತಂದ ಪದ ಕನಮ್ಮಿ ಅದು.
ಬಾಗ್ಲು ತೆಗೆದಿಟ್ರೆ ನಾಳೆ ಇನ್ಯಾರ್ ಬತ್ತಾರೋ.'
ತಪ್ಪು ಅನ್ನಲು ನನಗೆ ನಾಲಿಗೆ ಏಳಲಿಲ್ಲ.

'ಹೆಂಗ್ಸು ಅಂದ್ರೆ ಸಾಕು ಕನವ್ವ,
ಆ ಉದ್ದದ್ದು ನಂಗೂ ಬ್ಯಾಡ'
ಅಂದ, ಅಂದಳು, ಅಂದಿತು:
ಹಿಂದಿನಿಂದ ಯಾರೋ ಮೂರನ್ನೂ ಕೂಗಿ ನಕ್ಕರು.
ಯಾರ ಕಾಲು ತಾಗಿತೋ, ಒಂದು ಕ್ಯಾನು ಉರುಳಿತು.
ಅವತ್ತಿನಿಂದ ಮೇಲಿನ ಬೀದಿಗೂ ಕೆಳಗಿನ ಬೀದಿಗೂ
ಹೆಪ್ಪು ಕೇಳುವುದೂ ನಿಂತಿದೆ.

ನಾನು ಕಾರ್ಯದರ್ಶಿ. ನಡಾವಳಿ ಬರೆಯಬೇಕು.
ಬಂದನು ಎಂದರೆ ಒಂದು ಬೀದಿ ಮುನಿಯುತ್ತದೆ,
ಬಂದಳು ಎಂದರೆ ಇನ್ನೊಂದು.
ಬಂದಿತು ಅನ್ನುವುದು ಎಮ್ಮೆಗೆ, ಮಳೆಗೆ,
ತೊಟ್ಟಿಲಲ್ಲಿದ್ದಾಗ ನಮಗೆಲ್ಲರಿಗೂ.
ರಾತ್ರಿ ಹನ್ನೊಂದಕ್ಕೆ ಬರೆದೆ:
ಮಾದೇವಿಯವರು ಅರ್ಜಿಯೊಂದಿಗೆ ಬಂದರು.

ಬೆಳಿಗ್ಗೆ ಹೊಂಬಾಳಮ್ಮ ಬೆರಳಿಟ್ಟು ಓದುತ್ತ
ಆ 'ರು' ಮೇಲೆ ನಿಂತರು.
'ಇಪ್ಪತ್ತು ವರ್ಸದಿಂದ ಬತ್ತಾ ಇವ್ನಿ.
ಈ ಬುಕ್ಕಲ್ಲಿ ನಾನು ಯಾವತ್ತಾದ್ರೂ ಬಂದರು ಆಗಿದ್ನಾ?'

ಹಿಂದಕ್ಕೆ ತಿರುವಿದೆ.
ಮೊದಲ ಪುಟ, ಸೂಪರ್‌ವೈಸರನ ಗುಂಡಕ್ಷರ:
ಸದರಿ ಹೊಂಬಾಳಿ ಬಂದಳು. ಹೆಬ್ಬೆಟ್ಟು ಒತ್ತಿದಳು.
ಆಮೇಲಿನ ಪುಟಗಳೆಲ್ಲ ನನ್ನ ಕೈ,
ಅದನ್ನೇ ನೋಡಿ ಬರೆದದ್ದು.

ಪುಸ್ತಕ ಮುಚ್ಚಿದರು. ರುಜು ಇನ್ನೂ ಬಿದ್ದಿಲ್ಲ.
ಅರ್ಜಿ ಮುಂದಿನ ಸಭೆಗೆ.
ಹಾಲು ಮಾತ್ರ ದಿನಾ ಹಾಕಿಸಿಕೊಳ್ಳುತ್ತಿದ್ದೇವೆ,
ಫ್ಯಾಟು ಆರೂವರೆ,
ಅವಳವ್ವನ ಖಾತೆಗೆ.